ಹೈಕೋರ್ಟು ಕೇಳದ ಮಾತು

ಮಾವ್ಲಾಯ್, ಶಿಲ್ಲಾಂಗ್
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮಾಮಾ,

ಹೇಗಿದ್ದೀಯ? ಮೊಣಕಾಲು ನೋವು ತುರಾದ ಸೆಕೆಗೆ ಕಡಿಮೆಯಾಗಿದೆಯಾ? ಅಮ್ಮ ದಿನವೂ ನಿನ್ನ ಪಾಲಿನ ಎಲೆಯಡಿಕೆ ಮಡಚಿಟ್ಟು, ಸಂಜೆ ತಾನೇ ಬಾಯಿಗೆ ಹಾಕಿಕೊಂಡು ಅಳುತ್ತಾಳೆ. ನಿನ್ನನ್ನು ಕೇಳದೆ ಮದುವೆಯಾದೆನೆಂದು ನೀನು ಮುನಿಸಿಕೊಂಡು ತುರಾ ಊರಿಗೆ ಹೋಗಿ ಎರಡು ವರ್ಷ! ಆದರೆ ಪಿನ್‌ಶಾಯ್ ಎಷ್ಟು ಒಳ್ಳೆಯವನು ಗೊತ್ತಾ? ಮನೆ ಅಳಿಯನಾಗಿ ಬಂದ ಮರುದಿನವೇ ಸೋರುವ ತಗಡು ಸರಿಮಾಡಿದ. ನಾನು ಕರಕಲು ಮಾಡಿದ ಹಂದಿಮಾಂಸವನ್ನೂ ಎರಡು ಸಲ ಹಾಕಿಸಿಕೊಳ್ಳುತ್ತಾನೆ! ನಗಬೇಡ.

ಮಾಮಾ, ನಾವು ಸೋತೆವು. ಅನಾಥೆಯಾಗಿದ್ದ ಪಿನ್‌ಶಾಯ್‌ನ ತಾಯಿಯನ್ನು ನಮ್ಮಜ್ಜಿ ಸಾಕಿದಳಲ್ಲ, ಆಗಲೇ ಅವಳನ್ನು ನಮ್ಮ ಕುಲಕ್ಕೆ ಸೇರಿಸಿಕೊಂಡಿದ್ದಳು, ನಮ್ಮಲ್ಲಿ ತಾಯಿಯ ಕುಲವೇ ಮಕ್ಕಳ ಕುಲ, ಹಾಗಾಗಿ ಅವನೂ ನಮ್ಮ ಕುಲದವನೇ, ಒಂದೇ ಕುಲದವರು ಮದುವೆಯಾದದ್ದು ಮಹಾಪಾಪ ಎಂದು ಕುಲದ ಹಿರಿಯರು ತೀರ್ಮಾನಿಸಿದರು. ಜಿಲ್ಲಾ ಪರಿಷತ್ತಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ನಿನ್ನನ್ನು ಸಾಕ್ಷಿಗೆ ಕರೆಸೋಣ ಎಂದು ವಕೀಲರು ಹೇಳಿದ್ದರು. ನಾನೇ ಜಂಭದಿಂದ, "ಮಾಮನ ಕಾಲು ಹಿಡಿಯೋದು ಬೇಡ, ಸೋತರೆ ಹೈಕೋರ್ಟಿದೆಯಲ್ಲ" ಅಂದುಬಿಟ್ಟೆ! ಮೇಲೆ ಹೋದರೆ ಎಲ್ಲವನ್ನೂ ಮೊದಲಿಂದ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳುವುದಿಲ್ಲ ಮಾಮಾ. ನ್ಯಾಯಾಧೀಶರು, ಕೆಳಗಿನ ಕೋರ್ಟು ಕಾನೂನಿನಲ್ಲಿ ತಪ್ಪಿದ್ದರೆ ಮಾತ್ರ ನೋಡುವುದು ನಮ್ಮ ಅಧಿಕಾರ, ಯಾರು ಯಾವ ಕುಲದವರು ಎಂಬುದನ್ನು ಕೆಳಗಿನವರು ಸಾಕ್ಷಿ ಕೇಳಿ ನಿರ್ಧರಿಸಿಯಾಗಿದೆ, ಅದನ್ನು ನಾವು ಕೆದಕುವಂತಿಲ್ಲ ಎಂದು ಹತ್ತೇ ನಿಮಿಷದಲ್ಲಿ ಮೇಲ್ಮನವಿ ತಳ್ಳಿಹಾಕಿದರು. ನಾನು ಅಲ್ಲೇ ಅತ್ತೆ. ವಕೀಲರು, "ಸುಮ್ಮನಿರು ಮಗೂ, ಅತ್ತರೆ ಕರಗೋಕೆ ಹೈಕೋರ್ಟು ನಿಮ್ಮಜ್ಜಿಯಲ್ಲ" ಅಂದರು.

ನಿನಗೆ ನೆನಪಿದೆಯಾ? ನಾನು ಚಿಕ್ಕವಳಿದ್ದಾಗ ಒಲೆಯ ಮುಂದೆ ಕೂತು ನೀನೇ ಹೇಳಿದ್ದೆ: "ನಿಮ್ಮಜ್ಜಿ ಆ ಹುಡುಗಿಗೆ ಅನ್ನ ಕೊಟ್ಟಳು ಕಣೇ, ಕುಲ ಕೊಡಲಿಲ್ಲ. ಕುಲಕ್ಕೆ ಸೇರಿಸೋ ಶಾಸ್ತ್ರ ನಡೆಯಲೇ ಇಲ್ಲ. ನಾನು ಮನೆಯಲ್ಲೇ ಇದ್ದೆನಲ್ಲ." ಪಿನ್‌ಶಾಯ್‌ನ ತಾಯಿ ಈಗಿಲ್ಲ, ಅಮ್ಮ ಆಗ ತೊಟ್ಟಿಲ ಕೂಸು; ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವನು ನೀನೊಬ್ಬನೇ.

ಅಮ್ಮ ನಿನ್ನ ಯೋಗಕ್ಷೇಮ ಕೇಳಿದ್ದಾಳೆ. ಪಿನ್‌ಶಾಯ್ ತಲೆಬಾಗಿ ನಮಸ್ಕಾರ ಹೇಳಿದ್ದಾನೆ. ದೇವರು ನಿನ್ನ ಮೊಣಕಾಲನ್ನೂ ಮನಸ್ಸನ್ನೂ ಸ್ವಲ್ಪ ಸಡಿಲಿಸಲಿ.

ನಿನ್ನ ಮುದ್ದಿನ ಸೋದರಸೊಸೆ,
ಐಬಾನ್ರಿ

ಮರೆತಿದ್ದೆ: ಕುಲದ ಸಭೆ ತನ್ನ ತೀರ್ಮಾನವನ್ನು ತಾನೇ ಬದಲಿಸಬಹುದಂತೆ. ಸಭೆ ಶನಿವಾರ. ಅಂದು ಯಾರೂ ಎದ್ದು ಹೇಳದಿದ್ದರೆ ಪಿನ್‌ಶಾಯ್ ಮನೆ ಬಿಡಬೇಕು. ಅವನ ಬಟ್ಟೆಗಂಟು ಈಗಲೇ ಬಾಗಿಲ ಬಳಿ ಇದೆ. ನನಗೆ ಎರಡು ತಿಂಗಳು ಮಾಮಾ, ಅವನಿಗೂ ಹೇಳಿಲ್ಲ. ನನ್ನನ್ನು ಕ್ಷಮಿಸಬೇಡ, ಮನೆಯೊಳಗೂ ಬರಬೇಡ. ಸಭೆಗೆ ಬಂದು, ಕಂಡದ್ದನ್ನು ಹೇಳಿ ಹೋಗು.