ಅಮ್ಮನ ಮುಂಗೈಯ ಬಳ್ಳಿ

ಪ್ರೀತಿಯ ತಂಗಿಗೆ,

ಹತ್ತನೆಯ ತಾರೀಖಿಗೆ ನನ್ನ ಹಚ್ಚೆ ಮುಗಿಯುವುದೆಂದು ಹಿಂದಿನ ಕಾಗದದಲ್ಲಿ ಅವಸರಪಟ್ಟು ಬರೆದೆ, ಮನ್ನಿಸು. ಅಮ್ಮನ ಕಾಲದಲ್ಲಿ ಒಂದೇ ಸೂಜಿ ಇಡೀ ಕೇರಿಯನ್ನು ಚುಚ್ಚುತ್ತಿತ್ತು. ಇಲ್ಲಿಯ ಅಂಗಡಿಯಲ್ಲಿ ಹಚ್ಚೆಯವಳು ಪ್ರತಿಯೊಬ್ಬರ ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಒಡೆಯುತ್ತಾಳೆ. ಅಮ್ಮನ ಮುಂಗೈಯಲ್ಲಿದ್ದ ಬಳ್ಳಿಯನ್ನು ಬಿಡಿಸಿ ತೋರಿಸಿ, ನನಗೂ ಅದೇ ಬೇಕೆಂದೆ.

“ನೋವಾಗುತ್ತೆ, ಅಜ್ಜಿ.”

“ಮೂವರನ್ನು ಹೆತ್ತವಳಿಗೆ ಸೂಜಿ ತೋರಿಸಿ ಹೆದರಿಸ್ತೀಯೇನಮ್ಮ?”

ಅವಳು ನಕ್ಕಳು, ಆದರೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಕೇಳಿ ತಿಳಿದು ಒಪ್ಪಲಿಲ್ಲ. “ಸಕ್ಕರೆ ಕಾಯಿಲೆ ಇಟ್ಕೊಂಡು ಚುಚ್ಚಿಸ್ಕೊಂಡ್ರೆ ಗಾಯ ಕೀವಾಗುತ್ತೆ. ಮೊದಲು ಇಳಿಸ್ಕೊಂಡು ಬನ್ನಿ.”

ಅಂದಿನಿಂದ ಸಿಹಿ ಮುಟ್ಟಿಲ್ಲ, ನಡಿಗೆ ತಪ್ಪಿಸಿಲ್ಲ. ಆ ಬಳ್ಳಿಯನ್ನು ಕಂಡವರಲ್ಲಿ ನಾವಿಬ್ಬರೇ ಉಳಿದಿದ್ದೇವೆ, ಹಾಕಿಸಿಕೊಂಡೇ ಬರುವೆನು.

ಇತಿ, ನಿನ್ನ ಅಕ್ಕ

ತಿದ್ದಿದ ದಿನಗಳು:
ರಕ್ತಪರೀಕ್ಷೆ ಎಂಟಕ್ಕಲ್ಲ, ಇಪ್ಪತ್ತಕ್ಕೆ.
ಹಚ್ಚೆ ಹತ್ತಕ್ಕಲ್ಲ, ಇಪ್ಪತ್ತೆರಡಕ್ಕೆ.
ನಾನು ಮರಳುವುದು ಹದಿನೈದಕ್ಕಲ್ಲ, ಗಾಯ ಒಣಗಿದ ಮೇಲೆ.