ಜೋಗುಳದಲ್ಲಿ ಇಲ್ಲದವಳು

ಮಾರ್ಚ್ 3, ಬೆಳಿಗ್ಗೆ 11

ಅಂತೂ ಮಲಗಿದಳು. ಹೆಗಲ ಮೇಲೆ ಹಾಲು ಕಕ್ಕಿದ್ದಾಳೆ. ಸೀರೆ ಬದಲಾಯಿಸುವ ತ್ರಾಣವಿಲ್ಲ. ಬಾಟಲಿ ಕುದಿಸಬೇಕು... ಕುದಿಸಿದೆನೋ? ಸ್ಟವ್ ಮೇಲೆ ಪಾತ್ರೆ ಬಿಸಿಯಾಗಿದೆ. ಹಾಗಾದರೆ ಬಾಟಲಿ ಎಲ್ಲಿ? ಅತ್ತೆ ಒಳಗೆ ತೊಟ್ಟಿಲು ತೂಗುತ್ತ ಅದೇ ರಾಗ ಎಳೆಯುತ್ತಿದ್ದಾರೆ. ಮಗು ಮಲಗಿದ ಮೇಲೂ.

ಲ್ಯಾಬ್‌ನಿಂದ ಫೋನ್. ಬಾಣಂತನದ ರಜೆ ಮುಗಿಯಿತಂತೆ. ಮುಂದಿನ ಸೋಮವಾರ ಸೇರಬೇಕು. ಮತ್ತೆ ನೀರಿನ ಸ್ಯಾಂಪಲ್, ಸೀಸೆ, ಲೇಬಲ್. ಅದಕ್ಕೆ ಮೊದಲು ‘ಜೀವನ ವಿವರ’ ಕೊಡಬೇಕು. ಸ್ವಂತ ಕೈಬರಹ, ನಾಲ್ಕು ಪುಟ, ಹುಟ್ಟಿದಲ್ಲಿಂದ ಇವತ್ತಿನವರೆಗೆ.

“ಹೊಸದೇನೂ ಬೇಡಮ್ಮಾ,” ಅಂದರು ಮೇಡಂ. “ಕೆಲಸಕ್ಕೆ ಸೇರುವಾಗ ಏನು ಬರೆದಿದ್ದೆಯೋ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ.” ಆಮೇಲೆ ದನಿ ತಗ್ಗಿಸಿ, “ಪಕ್ಕದ ಸೆಕ್ಷನ್ನಿನವಳದ್ದು ಹೊಂದಲಿಲ್ಲ. ಅವಳ ಕುರ್ಚಿ ಇನ್ನೂ ಖಾಲಿನೇ ಇದೆ.”

ಅದನ್ನೇ ಬರೆಯಬಹುದಿತ್ತು. ಏನು ಬರೆದಿದ್ದೆ ಅನ್ನುವುದು ನೆನಪಿದ್ದರೆ.

ಅದೇ ದಿನ, ಮಧ್ಯಾಹ್ನ

ಮಿಕ್ಕದ್ದೆಲ್ಲ ಸರಿ. ಶಾಲೆ, ಕಾಲೇಜು, ಮದುವೆ. ಅಕ್ಕನ ವಿಷಯ ಏನು ಬರೆದಿದ್ದೆ?

ಅವಳು ಕಾಲೇಜಿನ ಪತ್ರಿಕೆಗೆ ತನ್ನ ಬಗ್ಗೆಯೇ ಎರಡು ಪುಟ ಬರೆದಿದ್ದಳು. ಏನು ತಿನ್ನುತ್ತೇನೆ, ಯಾವುದಕ್ಕೆ ಹೆದರುತ್ತೇನೆ ಅಂತ. ಅಷ್ಟೇ. “ಹತ್ತು ನಿಮಿಷದ ಮಾತು” ಅಂತ ಮನೆಗೆ ಬಂದು ಕರೆದುಕೊಂಡು ಹೋದರು. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿರಲಿಲ್ಲ. ಇದ್ದಾಳೆ ಅಂತ ಯಾರೂ ಹೇಳಿಲ್ಲ. ಇಲ್ಲ ಅಂತಲೂ.

ನಾನು ಏನೆಂದೆ? ತೀರಿಕೊಂಡಳು? ಒಬ್ಬಳೇ ಮಗಳು? ನಿಜ ಬರೆದಿದ್ದರೆ ಕೆಲಸ ಸಿಗುತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತು.

ಮಾರ್ಚ್ 4

ಇವರನ್ನು ಕೇಳಿದೆ. “ಜ್ವರ ಬಂದು ಹೋದಳು ಅಂತ ನೀನು ಬರೆದಿದ್ದೆ ಕಣೇ,” ಅಂದರು. ಸ್ನಾನ ಮುಗಿಸಿ ಬಂದವರೇ ಮತ್ತೆ, “ಅಲ್ಲ ಅಲ್ಲ, ಜ್ವರ ನಮ್ಮ ಚಿಕ್ಕಪ್ಪಂದು.” ನಗಬೇಕೋ ಅಳಬೇಕೋ.

ಅತ್ತೆ ಮಗುವಿನ ಬಟ್ಟೆ ಮಡಚುತ್ತಿದ್ದರು. “ನನ್ನನ್ನ ಕೇಳೋಕೆ ನಿನ್ನ ಬಾಯಿಗೇನು ಬೀಗ ಹಾಕಿದೆಯಾ?”

“ನಿಮಗೆ ಹೇಗೆ ಗೊತ್ತಿರುತ್ತೆ ಅತ್ತೆ?”

“ನೀನು ಹೊಸದಾಗಿ ಈ ಮನೆಗೆ ಬಂದಾಗ ಇದೇ ಮೇಜಿನ ಮೇಲೆ ಬರೆದೆ. ನಾನೇ ಮೂರು ಸಲ ಓದಿಸಿದೆ. ಮರೆತ್ಯಾ? ದಿನಾ ನಿನ್ನ ಮಗಳಿಗೆ ಹಾಡ್ತಾ ಇರೋದು ಮತ್ತೇನು ಅಂದ್ಕೊಂಡೆ?”

ನಾನು ಹಳೆಯ ಹಾಡು ಅಂದುಕೊಂಡಿದ್ದೆ. ಇಷ್ಟು ತಿಂಗಳು. ನಿದ್ದೆಯಿಲ್ಲದ ಕಿವಿಗೆ ರಾಗ ಮಾತ್ರ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಅತ್ತೆ ಗಿರಣಿಯಲ್ಲಿದ್ದಾಗ ತಮ್ಮ ವಿವರ ಐದು ಸಲ ಬರೆದುಕೊಟ್ಟರಂತೆ. ಗಿರಣಿಯ ಹೆಂಗಸರೆಲ್ಲ ಹೀಗೇ. ಕಾಗದದಲ್ಲಿಟ್ಟರೆ ಸಿಕ್ಕಿಬೀಳುತ್ತಾರೆ, ತಲೆಯಲ್ಲಿಟ್ಟರೆ ಮರೆಯುತ್ತಾರೆ. ಅದಕ್ಕೆ ತೊಟ್ಟಿಲ ಹಾಡು. “ನಿನ್ನ ಗಂಡ ನನ್ನ ವಿವರ ಕೇಳಿಕೊಂಡೇ ಬೆಳೆದದ್ದು. ಎಷ್ಟು ದುಂಡಗಿದ್ದ ಗೊತ್ತಾ!”

ಮಾರ್ಚ್ 5

ತೊಟ್ಟಿಲ ಪಕ್ಕ ಕೂತು ಬರೆದುಕೊಂಡೆ. ಅತ್ತೆ ಹಾಡುತ್ತ ಹೋದರು.

ಒಬ್ಬಳೇ ಮಗಳು ಅಪ್ಪನಿಗೆ, ಜೋ ಜೋ
ಅಣ್ಣಿಲ್ಲ ಅಕ್ಕಿಲ್ಲ ಆಟಕ್ಕೆ, ಜೋ ಜೋ

ಒಬ್ಬಳೇ ಮಗಳು. ಹಾಗಂತ ಬರೆದಿದ್ದೆ. ನಾನೇ. ನಾಲ್ಕು ಪುಟ ಸಲೀಸಾಗಿ ತುಂಬಿತು. ಜೀವ ಬಂದ ಹಾಗಾಯಿತು... ಆಮೇಲೆ ಆ ಸಾಲನ್ನು ಮತ್ತೆ ಓದಿದೆ. ನನ್ನ ಮಗಳಿಗೆ ದೊಡ್ಡಮ್ಮನೇ ಇಲ್ಲ. ಹುಟ್ಟಿದಂದಿನಿಂದ ಕಿವಿಯಲ್ಲಿ ಅದೇ.

“ಅತ್ತೆ, ಇನ್ನು ಅದನ್ನ ಹಾಡಬೇಡಿ.”

“ಆಹಾ! ನಾಲ್ಕು ವರ್ಷಕ್ಕೆ ಮತ್ತೆ ಕೇಳ್ತಾರಲ್ಲ, ಆಗ ಯಾರ ಹತ್ರ ಹೋಗ್ತೀ? ನನ್ನ ಬೂದಿ ಹತ್ರವಾ?”

“ನಿಮ್ಮದರಲ್ಲಿ... ನೀವು ಏನು ಬಿಟ್ಟಿದ್ರಿ?”

ತೊಟ್ಟಿಲು ತೂಗುತ್ತಿದ್ದ ಕೈ ನಿಂತಿತು. ಗೋಡೆ ನೋಡಿದರು. ತುಟಿ ಸಣ್ಣಗೆ ಅಲುಗಿತು, ಹಾಡನ್ನು ಮೊದಲಿಂದ ಕೊನೆವರೆಗೆ ಹುಡುಕಿದ ಹಾಗೆ.

“ಏನೋ ಬಿಟ್ಟಿದ್ದೆ ಕಣೇ. ಯಾರನ್ನೋ. ಹಾಡಲ್ಲಿಲ್ಲ, ಇನ್ನೆಲ್ಲಿ ನೆನಪಿರುತ್ತೆ?”

ನಕ್ಕರು. ನಗದಿದ್ದರೆ ಚೆನ್ನಾಗಿತ್ತು.

ಮಾರ್ಚ್ 9

ಕೊಟ್ಟಾಯಿತು. ಹೊಂದಿತಂತೆ. “ಅಕ್ಷರ ಕೂಡ ಮುದ್ದಾಗಿದೆ,” ಅಂದರಂತೆ ಮೇಲಿನವರು. ನಾಳೆ ಕೆಲಸ.

ಅತ್ತೆ ಅಂಗಡಿಗೆ ಹೋದಾಗ ಅಕ್ಕನನ್ನು ಸೇರಿಸಿ ಹಾಡಿದೆ. ಬಾಗಿಲು ಹಾಕಿ, ಪಿಸುದನಿಯಲ್ಲಿ. ಮಗು ಕಿಟಾರನೆ ಕಿರುಚಿತು. ‘ಒಬ್ಬಳೇ ಮಗಳು’ ಅಂದೆ, ಸುಮ್ಮನಾದಳು. ದನಿಗೋ, ಹಸಿವಿಗೋ, ಕಾಕತಾಳೀಯವೋ... ಇನ್ನೊಮ್ಮೆ ನೋಡುವ ಧೈರ್ಯ ಬರಲಿಲ್ಲ. ಮುಂದೆ ಮಾತು ಕಲಿತವಳು ಶಾಲೆಯಲ್ಲಿ ನಿಜವನ್ನೇ ಹಾಡಿಬಿಟ್ಟರೆ? ನಾನು ಹಾಡದೇ ಇದ್ದರೆ ಅತ್ತೆಯ ಹಾಗೆ ಒಂದು ದಿನ ಗೋಡೆ ನೋಡುತ್ತ ಕೂರುತ್ತೇನೆ. ಯಾವುದು ಹೆಚ್ಚು ಭಯ? ತಿಳಿಯುತ್ತಿಲ್ಲ.

ಮಾರ್ಚ್ 10, ಬೆಳಿಗ್ಗೆ 6

ಒಂದು ದಾರಿ ಹೊಳೆಯಿತು. ರಾಗ ಅದೇ, ಬಾಯಿ ಮುಚ್ಚಿ ಗುನುಗುವುದು. ಹೊರಗಿನವರಿಗೆ ಅತ್ತೆಯ ಹಾಡು. ಒಳಗೆ ನನ್ನ ಮಾತು. ಅವಳು ದೊಡ್ಡವಳಾದ ಮೇಲೆ ಬಾಯಿ ತೆರೆಯುತ್ತೇನೆ. ತೆರೆಯುತ್ತೇನಾ?

ಈ ಹಾಳೆಗಳನ್ನು ಸುಟ್ಟು ಹೊರಡಬೇಕು. ಅದಕ್ಕೆ ಮೊದಲು ಸಾಲು ಕಟ್ಟಿಬಿಡಬೇಕು. ಬೇಗ. ಮಗು ಮಿಸುಕುತ್ತಿದೆ.

ಇಬ್ಬರು ಮಕ್ಕಳು ಅಪ್ಪನಿಗೆ, ಜೋ ಜೋ
ದೊಡ್ಡವಳ ಹುಬ್ಬಲ್ಲಿ ಗಾಯದ ಗೆರೆ, ಜೋ ಜೋ

ಯಾವ ಹುಬ್ಬು? ಎಡ. ಎಡವೇ. ಅಲ್ಲ, ತಾಳು... ಅವಳು ನನ್ನ ಹಿಂದೆ ನಿಂತು ಜಡೆ ಹಾಕುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದದ್ದು ಕನ್ನಡಿಯಲ್ಲಿ, ಹಾಗಾದರೆ