ಸದ್ದು ಎಂದುಕೊಂಡೆ

ಅತ್ತೆಯವರಿಗೆ, ಗೋಡೆಯ ಈಚೆಯಿಂದ ನಿಮ್ಮ ಸೊಸೆಯ ನಮಸ್ಕಾರಗಳು.

ಆ ಭಾನುವಾರ ಬಚ್ಚಲುಮನೆಯಲ್ಲಿ ಜಾರಿಬಿದ್ದು ನೀವು ಕೂಗಿದ್ದು ನನಗೆ ಕೇಳಿಸಿತ್ತು. ಮೊದಲ ಸಲವೂ ಕೇಳಿಸಿತ್ತು, ಎರಡನೆಯ ಸಲವೂ ಕೇಳಿಸಿತ್ತು. ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಏಳಲಿಲ್ಲ.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎರಡು ಲೋಟ ನೀರು ಕುಡಿದು ಬಂದೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದೇನು ಹುಚ್ಚೋ ಎಂದು ನಿಮಗೆ ಅನಿಸಬಹುದು. ಎದುರು ಕೂತು ಹೇಳೋಣವೆಂದು ಆರು ವಾರದಿಂದ ಒದ್ದಾಡುತ್ತಿದ್ದೇನೆ, ಬಾಯಿ ತೆರೆದಾಗಲೆಲ್ಲ "ಮಾತ್ರೆ ತಗೊಂಡ್ರಾ?" ಎಂಬುದೇ ಹೊರಬರುತ್ತದೆ. ನಿನ್ನೆ ನಿಮ್ಮ ಬಾಯಿಂದ ಬಂದ ಒಂದು ಮಾತು ಕೇಳಿದ ಮೇಲಂತೂ ಬರೆಯದೆ ಇರಲಾರೆ ಎನಿಸಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಯೋಗದ ತರಗತಿಗೆ ನನ್ನನ್ನು ಅಟ್ಟಿದವರು ನೀವೇ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಹನ್ನೊಂದು ವರ್ಷ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತವಳು ನಾನು. ಕರೆಂಟು ಹೋದವರೆಲ್ಲ, ಅದನ್ನು ನಾನೇ ಕಿತ್ತು ಬ್ಯಾಗಿಗೆ ತುಂಬಿಕೊಂಡೆನೇನೋ ಎಂಬಂತೆ ಬೈಯುತ್ತಾರೆ. ನಿದ್ದೆಯಲ್ಲೂ "ದೂರಿನ ನಂಬರು ಬರ್ಕೊಳ್ಳಿ" ಎಂದು ಗೊಣಗುತ್ತಿದ್ದೆನಂತೆ. ನಿಮ್ಮ ಮಗ ನಕ್ಕು ಸುಮ್ಮನಾದರು. ನೀವು ಮಾತ್ರ ನನಗೆ ಟೆಲಿಫೋನ್ ಎಕ್ಸ್‌ಚೇಂಜು ಎಂದು ಅಡ್ಡಹೆಸರಿಟ್ಟು, "ಲೇ ಎಕ್ಸ್‌ಚೇಂಜೂ, ತಲೆ ಕೆಟ್ಟು ಕೆರ ಹಿಡಿಯೋ ಮುಂಚೆ ಎಲ್ಲಾದ್ರೂ ಹೋಗಿ ಕಣ್ಮುಚ್ಕೊಂಡ್ ಕೂತ್ಕೋ" ಎಂದಿರಿ.

ಮೇಷ್ಟ್ರು ರೈಲಿನ ನಿವೃತ್ತ ಗಾರ್ಡು. ಅವರ ಪಾಠವೂ ರೈಲಿನದೇ. "ಮನಸ್ಸಿಗೆ ಬರೋದೆಲ್ಲ ಗೂಡ್ಸ್ ಗಾಡಿ. ನೀವು ಹತ್ಬೇಡಿ, ತಡೀಲೂಬೇಡಿ. ನೆನಪು ಬಂತಾ, ನೆನಪು ಅನ್ನಿ. ಸದ್ದು ಬಂತಾ, ಸದ್ದು ಅನ್ನಿ. ಹೋಗೋಕ್ ಬಿಡಿ." ಹಾಗೆ ಬಿಡುತ್ತ ಬಿಡುತ್ತ ಮನಸ್ಸು ನಿಂತ ದಿನ, ಬೆನ್ನಿನ ಬುಡದಲ್ಲಿ ಸುರುಳಿ ಸುತ್ತಿ ಮಲಗಿರುವ ಶಕ್ತಿ ತಾನಾಗಿ ಏಳುತ್ತದೆ ಎನ್ನುತ್ತಿದ್ದರು. ನಾಲ್ಕು ತಿಂಗಳು ಏನೂ ಏಳಲಿಲ್ಲ. ಒಮ್ಮೆ ಕಾಲು ಜೋಮು ಹಿಡಿದದ್ದನ್ನೇ ಶಕ್ತಿ ಎಂದುಕೊಂಡು ಎಲ್ಲರೆದುರು ಹೇಳಿ ನಗೆಪಾಟಲಾದೆ. ಅದನ್ನು ಕೇಳಿ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ನಾನು ಚಾಪೆ ಸುತ್ತಿಡುವಾಗಲೆಲ್ಲ "ಮುಗೀತಾ ಬಕಧ್ಯಾನ? ಎಷ್ಟ್ ಮೀನು ಸಿಕ್ತು?" ಎಂದು ಕೇಳುವುದು ನಿಮ್ಮ ಪರಿಪಾಠವಾಯಿತು.

ಆ ಭಾನುವಾರ ಬೆಳಿಗ್ಗೆ ನಿಮ್ಮ ಮಗ ಡ್ಯೂಟಿಗೆ ಹೋಗಿದ್ದರು. ಕೂತ ಸ್ವಲ್ಪ ಹೊತ್ತಿಗೇ ಉಸಿರು ತಾನಾಗಿ ಸಣ್ಣಗಾಯಿತು. ಬೆನ್ನಿನ ಬುಡದಲ್ಲಿ ಏನೋ ಬೆಚ್ಚಗಾಯಿತು. ಈ ಸಲ ಜೋಮಲ್ಲ. ಆಗ ದಡ್ ಎಂದಿತು. ಹಿಂದೆಯೇ ನಿಮ್ಮ ದನಿ: "ಎಕ್ಸ್‌ಚೇಂಜೂ, ಬಾರೇ ಇಲ್ಲಿ!" ಸದ್ದು ಎಂದುಕೊಂಡೆ. ಮತ್ತೆ, ಇನ್ನೂ ಜೋರಾಗಿ, "ಬಾರೇ, ಬಿದ್ಬಿಟ್ಟೆ!" ಅದನ್ನೂ ಸದ್ದು ಎಂದುಕೊಂಡೆ. ತಿಳಿಯಲಿಲ್ಲ ಎಂದು ಸುಳ್ಳು ಹೇಳಲಾರೆ. ಮಾತು ಕೇಳಿಸಿತು, ಅರ್ಥವೂ ಆಯಿತು. ಆದರೆ ಅದು ಎಲ್ಲೋ ದೂರದ ಹಳಿಯ ಮೇಲೆ ಹೋಗುತ್ತಿತ್ತು. ದಿನವಿಡೀ ಕೂಗು ಕೇಳಿ ಕೇಳಿ, ಕಿವಿಗೆ ಹಾಕಿಕೊಳ್ಳದಿರುವುದನ್ನೇ ಕಲಿತವಳಿಗೆ ಅದೇನೂ ಕಷ್ಟವಾಗಲಿಲ್ಲ.

ಆಮೇಲೆ ಮನೆಯೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಬೆನ್ನಗುಂಟ ಬಿಸಿ ಮೇಲೇರಿತು, ಎದೆಗೆ ಬಂತು, ನೆತ್ತಿಗೆ ಬಂತು. ಕಣ್ಣಿಂದ ನೀರು ಸುರಿಯುತ್ತಿತ್ತು. ನಾನು ಎಂಬುವಳೇ ಇರಲಿಲ್ಲ. ಅತ್ತೆ, ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಈ ಕಾಗದವೇ ಸುಳ್ಳಾಗುತ್ತದೆ: ನನ್ನ ನಲವತ್ತೊಂದು ವರ್ಷದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ. ಗಡಿಯಾರದ ಪ್ರಕಾರ ಇಪ್ಪತ್ತೈದು ನಿಮಿಷ. ಎದ್ದವಳು ಅದನ್ನೆಲ್ಲ ನಿಮಗೆ ಹೇಳಬೇಕೆಂದು ನಗುನಗುತ್ತಲೇ ನಿಮ್ಮನ್ನು ಹುಡುಕಿಕೊಂಡು ಬಂದೆ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆ, ಆಪರೇಷನ್ನು, ವಾಕರು. ಆ ಹೊತ್ತಿನಲ್ಲಿ ನೀನೆಲ್ಲಿದ್ದೆ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾರ್ಡಿನ ನರ್ಸು "ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದಾಗ ಭೂಮಿ ಬಾಯಿಬಿಡಬಾರದೇ ಎನಿಸಿತು. ನಿಜ ಹೇಳಿದ್ದು ಮೇಷ್ಟ್ರೊಬ್ಬರಿಗೆ. ಅವರು, "ಯಾರಾದ್ರೂ ಕೂಗಿದ್ರೆ ಎದ್ದೋಗಿ ಅಂತ ನಾನು ಹೇಳ್ಲೇ ಇಲ್ಲ, ಅಲ್ವಾ? ಅದನ್ನೂ ಹೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲಮ್ಮ" ಎಂದರು. ಮರುದಿನದಿಂದ ಅವರು ತರಗತಿಯನ್ನೇ ನಡೆಸಿಲ್ಲವಂತೆ. ನಾನಂತೂ ಚಾಪೆ ಬಿಚ್ಚಿಲ್ಲ. ಕಣ್ಣು ಮುಚ್ಚಿದರೆ ಆ ಸುಖ ಮತ್ತೆ ಬಂದುಬಿಟ್ಟರೆ ಎಂಬ ಭಯ.

ನಿನ್ನೆ ಎದುರುಮನೆಯ ಟೈಲರಮ್ಮ ನಿಮ್ಮನ್ನು ನೋಡಲು ಬಂದಿದ್ದರಲ್ಲ. "ಅವತ್ತು ಸೊಸೆ ಮನೇಲಿರ್ಲಿಲ್ವಾ?" ಎಂದು ಅವರು ಕೇಳಿದಾಗ ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಹೊರಗೇ ನಿಂತಿದ್ದೆ. ಇವತ್ತಿಗೆ ನನ್ನ ಬಣ್ಣ ಬಯಲಾಯಿತು ಎಂದುಕೊಂಡೆ. ನೀವು ಒಂಚೂರೂ ತಡವರಿಸದೆ ಹೇಳಿದಿರಿ: "ಇಲ್ಲಮ್ಮ, ಹಾಲು ತರೋಕ್ ಹೋಗಿದ್ಲು ಪಾಪ. ಇದ್ದಿದ್ರೆ ಒಂದೇ ಕೂಗಿಗೆ ಓಡ್ಬರ್ತಿದ್ಲು."

ಹಾಲಿಗೆ ಹೋಗಿದ್ದೆ ಎಂದು ನಾನು ಯಾರಿಗೂ ಹೇಳಿಲ್ಲ. ಆ ಸುಳ್ಳು ನನ್ನದಲ್ಲ, ನಿಮ್ಮದು. ನಾನು ಮನೆಯಲ್ಲೇ ಇದ್ದೆನೆಂದು ನಿಮಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತಾಗ, ಅವತ್ತು ನಾನು ಹೋಗಲು ಬಿಟ್ಟಿದ್ದ ಮೂರನೆಯ ಸದ್ದು ತಿರುಗಿ ಬಂತು. ಎರಡು ಸಲ ಕೂಗಿದ ಮೇಲೆ ನೀವು ಇನ್ನೊಂದು ಮಾತಾಡಿದ್ದಿರಿ, ಮೆಲ್ಲಗೆ, ನಿಮಗೆ ನೀವೇ ಹೇಳಿಕೊಳ್ಳುವಂತೆ: "ಓ, ಕೂತಿದ್ದಾಳೆ. ಸ್ವಲ್ಪ ಹೊತ್ತು ತಾನೆ, ಇವತ್ತಾದ್ರೂ ಕೂತ್ಕೊಳ್ಲಿ." ನಾನು ಬಚ್ಚಲ ಬಾಗಿಲು ತೆರೆದಾಗ ನೀವು ಒದ್ದೆ ಟವೆಲನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಿರಿ. ನೋವು ತಾಳಲಾರದೆ ಎಂದುಕೊಂಡಿದ್ದೆ. ನಿಮ್ಮ ನರಳಾಟ ನನಗೆ ಕೇಳಿಸಬಾರದೆಂದು, ಅತ್ತೆ, ಅದು ನನಗೆ ಕೇಳಿಸಬಾರದೆಂದು.

ನನ್ನ ಮನಸ್ಸು ನಿಂತದ್ದರಿಂದ ಹುಟ್ಟಿತು ಎಂದುಕೊಂಡಿದ್ದ ಆ ನಿಶ್ಶಬ್ದವನ್ನು, ಮುರಿದ ಸೊಂಟದಲ್ಲಿ, ತಣ್ಣನೆಯ ನೆಲದ ಮೇಲೆ ಬಿದ್ದುಕೊಂಡು, ಇಪ್ಪತ್ತೈದು ನಿಮಿಷ ನೀವು ಹಿಡಿದಿಟ್ಟಿದ್ದಿರಿ.

ನನಗೇನು ಮಾಡಬೇಕೋ ತಿಳಿಯುತ್ತಿಲ್ಲ. ಕ್ಷಮಿಸಿ ಎನ್ನಲು ಬಾಯಿಲ್ಲ. ಬಿದ್ದ ದಿನದಿಂದ ನೀವು ನನ್ನನ್ನು ಒಮ್ಮೆಯೂ ಬೈದಿಲ್ಲ, ಒಮ್ಮೆಯೂ ಕೂಗಿ ಕರೆದಿಲ್ಲ. ಬಾಯಾರಿದರೂ ನಾನಾಗಿ ಬರುವ ತನಕ ಕಾಯುತ್ತೀರಿ. ಅದೊಂದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ. ಈ ಕಾಗದವನ್ನು ನಿಮ್ಮ ಕನ್ನಡಕದ ಕೆಳಗಿಟ್ಟು ಬಾಗಿಲ ಹೊರಗೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ಕೂಗಿ. ಬೈಯುವುದಕ್ಕಾದರೂ ಕೂಗಿ.

ಮೂಳೆ ಬೇಗ ಕೂಡಲಿ, ನನ್ನ ಆಯುಸ್ಸೂ ನಿಮಗಿರಲಿ.

ಹೊರಗೆ ಕಾದಿರುವ,
ನಿಮ್ಮ ಸೊಸೆ